ಎತ್ತಿಗೆ ಬರೆ ಎಳೆಯಬೇಡಿ

ಸ್ಥೂಲಕಾಯದ ಗರ್ಭಿಣಿಯರು ಬಾಯಿ ಕಟ್ಟಿ ದಿನಾ ನಡೆದರೆ ತೂಕದ ಜೊತೆ ಖಿನ್ನತೆಯೂ ಇಳಿಯುತ್ತದೆ ಎಂಬ ಲೇಖನ (ಕಳೆದ ಸಂಚಿಕೆ) ಓದಿದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಿದೆ.

ಲೇಖಕರು ಬ್ರಿಟನ್ನಿನ ಜೀವನಶೈಲಿ ತರಗತಿಗಳನ್ನು ಹೊಗಳಿದ್ದಾರೆ. ಅಲ್ಲಿನ ದೊಡ್ಡ ಪ್ರಯೋಗ ‘ಅಪ್‌ಬೀಟ್’ನ ಫಲಿತಾಂಶ 2015ರಲ್ಲೇ ಬಂದಿದೆ. ಬಿಎಂಐ 30 ಮತ್ತು ಅದಕ್ಕೂ ಮೇಲಿನ 1,555 ಗರ್ಭಿಣಿಯರು. ಅರ್ಧದಷ್ಟು ಮಂದಿಗೆ ವಾರಕ್ಕೊಂದರಂತೆ ಎಂಟು ತರಗತಿ. ಊಟದ ರೀತಿ ಸುಧಾರಿಸಿತು, ತೂಕದ ಏರಿಕೆ ಸುಮಾರು ಅರ್ಧ ಕಿಲೋ ತಗ್ಗಿತು. ಗರ್ಭಿಣಿಯರ ಮಧುಮೇಹ ಮಾತ್ರ ಜಗ್ಗಲಿಲ್ಲ: ತರಗತಿಗೆ ಹೋದವರಲ್ಲಿ ಶೇ 25, ಉಳಿದವರಲ್ಲಿ ಶೇ 26. ಮೈಗೇ ಇಷ್ಟು ಮಾಡಿದ ಪಥ್ಯ ಮನಸ್ಸನ್ನು ರಿಪೇರಿ ಮಾಡುತ್ತದೆಂಬ ಭರವಸೆ ಲೇಖಕರಿಗೆ ಎಲ್ಲಿಂದ ಬಂತೋ!

ಸ್ಥೂಲಕಾಯದವರಲ್ಲಿ ಬಸಿರಿನ ಖಿನ್ನತೆ ಹೆಚ್ಚು, ನಿಜ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯ ಪ್ರಕಾರ ಸುಮಾರು ಮೂವರಲ್ಲಿ ಒಬ್ಬರಿಗೆ ಅದರ ಲಕ್ಷಣಗಳಿದ್ದವು. ಆದರೆ ಲೇಖಕರು ‘ಸೋಮಾರಿತನ’ ಎಂದು ಕರೆದದ್ದೇ ಆ ಲಕ್ಷಣ: ಏಳಲಾಗದು, ನಿದ್ದೆ ಬಾರದು, ಯಾವುದೂ ಬೇಡ. ಅಂಥವಳ ಕೈಗೆ ನಡಿಗೆಯ ಪಟ್ಟಿ ಕೊಟ್ಟರೆ ಸಂಜೆಗೆ ಅಪರಾಧಿಭಾವವೊಂದು ಹೆಚ್ಚುವರಿ. (ನಡಿಗೆ ಬೇಡವೆನ್ನುತ್ತಿಲ್ಲ, ಎರಡು ಬಸಿರಲ್ಲೂ ನಡೆದವಳೇ ನಾನು.)

ನಮ್ಮಲ್ಲಿ ತಪಾಸಣೆಗೆ ಹೋದಾಗಲೆಲ್ಲ ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತಾರೆ. ಮನಸ್ಸು ಹೇಗಿದೆ ಎಂದು ಕೇಳುವುದು ಅಪರೂಪ. ಖಿನ್ನತೆಯ ಸುಳಿವು ಹಿಡಿಯುವ ಎಡಿನ್‌ಬರೋ ಪ್ರಶ್ನಾವಳಿ 1987ರಿಂದ ಇದೆ, ಕನ್ನಡದಲ್ಲೂ ಬಳಕೆಯಾಗಿದೆ. ಇರುವುದು ಹತ್ತೇ ಪ್ರಶ್ನೆ. ತೂಕದ ಮಾತೆತ್ತುವ ಮೊದಲು ದಯವಿಟ್ಟು ಅದನ್ನು ಕೇಳಿ.