ದಿಬ್ಬಕ್ಕೆ ಹೊದಿಕೆ ಹಾಕಿಸೋಣ, ಕೆ.ಜಿ.ಎಫ್. ಜನರೇ!

2001ರ ಫೆಬ್ರವರಿ 28ರಂದು ನಮ್ಮ ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ನೂರಿಪ್ಪತ್ತು ವರ್ಷ ಅರೆದ ಅದಿರಿನ ಪುಡಿ ಮಾತ್ರ ನಮ್ಮ ಪಾಲಿಗೆ ಉಳಿಯಿತು: 13 ದಿಬ್ಬ, ಸುಮಾರು 3.3 ಕೋಟಿ ಟನ್. ಆಷಾಢದ ಗಾಳಿ ಎದ್ದರೆ ಒಣಹಾಕಿದ ಬಟ್ಟೆಗೂ ತಟ್ಟೆಯ ಅನ್ನಕ್ಕೂ ಅದೇ ಪುಡಿ. ಸಿನಿಮಾದವರಿಗೆ ಅದು ಸಿದ್ಧ ಸೆಟ್ಟು, ನಮಗೆ ನೆರೆಮನೆ.

ಚಿನ್ನ ತೆಗೆಯಲು ಬಳಸಿದ ಸೈನೈಡ್ ಆ ಪುಡಿಯಲ್ಲಿದೆ ಅಂದರೆ ಎಲ್ಲರೂ ಬೆಚ್ಚುತ್ತೇವೆ. ಅದು ಬಿಸಿಲಿಗೆ ಬಹುಪಾಲು ಒಡೆದುಹೋಗುತ್ತದೆ. ಸದ್ದಿಲ್ಲದೆ ಕೂತಿರುವುದು ಪೈರೈಟ್‌ನಂಥ ಗಂಧಕದ ಖನಿಜ. ನಮ್ಮ ಗಣಿಯ ಮ್ಯಾಕ್‌ಟ್ಯಾಗರ್ಟ್ ವೆಸ್ಟ್ ಎಂಬ ಪಟ್ಟೆಯ ಅದಿರಿನಲ್ಲಿ ಅದು ಇತ್ತು. ಗಾಳಿ, ನೀರು ಎರಡೂ ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಹುಳಿನೀರು ಲೋಹಗಳನ್ನು ಕರಗಿಸಿಕೊಂಡು ತಗ್ಗಿನ ಕೆರೆ, ಬೋರ್‌ವೆಲ್ ಕಡೆ ಇಳಿಯುತ್ತದೆ.

ಮೇಲೆ ನಾಲ್ಕು ಬುಟ್ಟಿ ಮಣ್ಣು ಚೆಲ್ಲಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡರೆ ಇದು ನಿಲ್ಲದು. ಬೆಂಕಿಯ ಮೇಲೆ ಒದ್ದೆ ಗೋಣಿಚೀಲ ಹಾಕುತ್ತೇವಲ್ಲ, ಇಲ್ಲೂ ಅದೇ ಉಪಾಯ: ತೇವದ ಪದರ ಹೊದಿಸಿ ಗಾಳಿ ತಡೆಯುವುದು. ನೀರಿನೊಳಗೆ ಆಮ್ಲಜನಕ ಸಾಗುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಕೆನಡಾದ ಕ್ವಿಬೆಕ್‌ನಲ್ಲಿ, ಮಾಲಾರ್ಟಿಕ್ ಬಳಿಯ ಚಿನ್ನದ ಗಣಿಯ ಕಸಕ್ಕೆ 1995-96ರಲ್ಲಿ ಇಂಥ ಹೊದಿಕೆ ಹಾಕಿದರು: ಕೆಳಗೆ ಅರ್ಧ ಮೀಟರ್ ಮರಳು, ನಡುವೆ 0.8 ಮೀಟರ್ ಆಮ್ಲ ಬಿಡದ ನುಣ್ಣನೆ ಪುಡಿ, ಮೇಲೆ 0.3 ಮೀಟರ್ ಮರಳು-ಜಲ್ಲಿ. ಕೆಳಗಿನ ದಪ್ಪ ಮರಳು ನೀರನ್ನು ಹೀರಿಕೊಳ್ಳುವುದಿಲ್ಲ, ಹಾಗಾಗಿ ನಡುವಿನ ಪದರ ಸದಾ ತೇವ. ಮೇಲಿನದು ಅದನ್ನು ಒಣಗಗೊಡದು.

ಅದರ ನಕಲು ಇಲ್ಲಿ ನಡೆಯದು ಎಂಬುದೂ ನಿಜ. ನಮ್ಮದು ಬಯಲುಸೀಮೆ, ಚೈತ್ರದ ಬಿಸಿಲಿಗೆ ಆ ನಡುಪದರವೂ ಬಿರುಕು ಬಿಟ್ಟೀತು. ಮಳೆನೀರನ್ನು ಪುಡಿಗೆ ಇಳಿಯದಂತೆ ಹಿಡಿದಿಟ್ಟು ಹುಲ್ಲಿನ ಬೇರಿನ ಮೂಲಕ ಆವಿಯಾಗಿಸುವ ದಪ್ಪ ಮಣ್ಣಿನ ಹೊದಿಕೆಯೇ ನಮಗೆ ಒಗ್ಗೀತೇನೋ. ಕೆರೆ ಹೂಳು ಅದಕ್ಕೆ ಬಂದೀತೇ? ಒಂದು ದಿಬ್ಬದ ಮೇಲೆ ಎರಡು ಮಳೆಗಾಲ ಪರೀಕ್ಷಿಸಿದರೆ ತಿಳಿಯುತ್ತದೆ.

ಈಗಲೇ ಏಕೆ? 2024ರ ಜೂನ್‌ನಲ್ಲಿ ಈ ದಿಬ್ಬಗಳ ಹರಾಜಿಗೆ ರಾಜ್ಯ ಸಂಪುಟ ಒಪ್ಪಿದೆ. ಉಳಿದ ಚಿನ್ನ ತೆಗೆದ ಮೇಲೂ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ಪ್ರತಿ ದಿಬ್ಬದ ಆಮ್ಲ ಪರೀಕ್ಷೆ, ಹೊದಿಕೆಯ ನಕ್ಷೆ, ಅದಕ್ಕೆ ಮೊದಲೇ ಕಟ್ಟಿದ ಠೇವಣಿ, ಈ ಮೂರೂ ಕರಾರಿನಲ್ಲಿ ಬರಲಿ. ಜನರ ಅಹವಾಲು ಸಭೆ ಇಲ್ಲೇ, ನಮ್ಮೂರಲ್ಲೇ ಕರೆಯಲಿ. ಹಾಗೆಂದು ಬರೆದು, ವಾರ್ಡಿನವರೆಲ್ಲ ಸಹಿ ಮಾಡಿ ನಗರಸಭೆಗೂ ಜಿಲ್ಲಾಧಿಕಾರಿಗೂ ಕೊಡಿ.

ಅಷ್ಟರಲ್ಲಿ ಒಂದು ಕೆಲಸ. ಮೊದಲ ಮಳೆಗೆ ದಿಬ್ಬದ ಬುಡದಲ್ಲಿ ಹರಿಯುವ ನೀರಿಗೆ, ಕೈ ಸೋಕಿಸದೆ, ನೀಲಿ ಲಿಟ್ಮಸ್ ಕಾಗದ ಅದ್ದಿ. ಶಾಲೆಯ ಲ್ಯಾಬಿನಲ್ಲಿ ಕೇಳಿದರೆ ಸಿಗುತ್ತದೆ. ಕೆಂಪಾದರೆ ಜಾಗ, ತಾರೀಖು ಬರೆದು ಅರ್ಜಿಗೆ ಅಂಟಿಸಿ. ಮಕ್ಕಳನ್ನು ಮಾತ್ರ ಕಳಿಸಬೇಡಿ, ನೀವೇ ಹೋಗಿ.