ಓದು ನಡುವೆ ನಿಂತರೆ ವಿದ್ಯಾರ್ಥಿವೇತನದ ಗತಿಯೇನು?

ಕಾಲೇಜು ಬಿಟ್ಟವರನ್ನು ನಮ್ಮ ಕಡೆ ಎರಡೇ ಗುಂಪು ಮಾಡುತ್ತಾರೆ: ಓದು ತಲೆಗೆ ಹತ್ತದವರು ಮತ್ತು ಓದಲು ಮನಸ್ಸಿಲ್ಲದವರು. ಸೆಮಿಸ್ಟರ್ ನಡುವೆ ಎರಡು ತಿಂಗಳು ಮನೆಯಲ್ಲಿ ಉಳಿಯಲೇಬೇಕಾಗಿ ಬಂದವರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ವಿದ್ಯಾರ್ಥಿವೇತನ ಕೊಡುವವರ ಲೆಕ್ಕದಲ್ಲೂ ಹೆಚ್ಚು ಜಾಗವಿಲ್ಲ.

ನಾನು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯವಳು, ಬಿ.ಇ. ಐದನೇ ಸೆಮಿಸ್ಟರ್. ನಮ್ಮ ಹೋಬಳಿಯಿಂದ ಎಂಜಿನಿಯರಿಂಗ್‌ಗೆ ಹೋದವರಲ್ಲಿ ನನಗೆ ಗೊತ್ತಿರುವವರ ಮನೆಯಲ್ಲೆಲ್ಲ ಇರುವುದು ಒಂದಷ್ಟು ತೆಂಗು, ರಾಗಿ ಹೊಲ, ಡೇರಿಗೆ ಹಾಲು ಹಾಕಲು ಎರಡು ಹಸು. ನಾವು ಸೀಟು ತೆಗೆದುಕೊಂಡ 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಇಂಥ ಮನೆಗಳಿಗೆ ವಿದ್ಯಾರ್ಥಿವೇತನ ಎಂದರೆ ಕೈಖರ್ಚಿನ ಹಣವಲ್ಲ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಇ. ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ನಾವು ಸೇರಿದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ದೊಡ್ಡ ಮೊತ್ತವೇನಲ್ಲ. ಆದರೆ ಹಾಸನದಲ್ಲಿ ರೂಮು ಮಾಡಿಕೊಂಡು ಇರುವುದೋ, ದಿನಾ ಊರಿಂದ ಓಡಾಡುವುದೋ ಎಂಬುದನ್ನು ತೀರ್ಮಾನಿಸುವುದು ಇಷ್ಟೇ ದುಡ್ಡು.

ನನ್ನ ಜೊತೆಗೇ ಸೇರಿದ ಪಕ್ಕದ ಹಳ್ಳಿಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಮೂರನೇ ಸೆಮಿಸ್ಟರ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ನವೆಂಬರ್‌ನಲ್ಲಿ ಅವನ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅಮ್ಮ ಆಸ್ಪತ್ರೆಯಲ್ಲಿ ಅವರ ಪಕ್ಕ. ಹೊಲದಲ್ಲಿ ರಾಗಿ ಕೊಯ್ಲಿಗೆ ಬಂದು ನಿಂತಿತ್ತು. (ಬೆಸ ಸೆಮಿಸ್ಟರ್ ಕೊನೆಗೆ ಬರುವ ಹೊತ್ತಿಗೇ ರಾಗಿ ಕೊಯ್ಲು, ಒಕ್ಕಣೆ ಶುರುವಾಗುತ್ತದೆ. ಊರಿನ ಹೆಸರಲ್ಲೇ ಕಣ ಇಟ್ಟುಕೊಂಡ ನಮಗೆ ಇದು ಹೊಸದಲ್ಲ, ವೇಳಾಪಟ್ಟಿ ಮಾಡುವವರಿಗೆ ಮಾತ್ರ ಗೊತ್ತಿಲ್ಲ.) ಫೋನ್ ಮಾಡಿದರೆ ಅವನು ಹೇಳಿದ್ದು ಒಂದೇ ಮಾತು: ‘ಬರ್ತೀನಿ ಕಣೆ, ಆದ್ರೆ ಬೆಳಿಗ್ಗೆ ಸಂಜೆ ಹಾಲು ಕರೆಯೋರು ಯಾರು?’

ಏಳು ವಾರ ಅವನು ಬರಲಿಲ್ಲ. ವಿ.ಟಿ.ಯು. ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ 85ರಷ್ಟು ಹಾಜರಾತಿ ಬೇಕು. ತಕ್ಕ ಕಾರಣವಿದ್ದರೆ ಶೇ 10ರಷ್ಟು ಮಾಫಿ. ಶೇ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವಂತಿಲ್ಲ. ಅವನಿಗೂ ಕೂರಲು ಆಗಲಿಲ್ಲ. ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಲ್ಯಾಬ್ ಮಾಡದವರಿಗೆ ಲ್ಯಾಬ್ ಪರೀಕ್ಷೆ ಏಕೆ ಕೊಡಬೇಕು? ನನ್ನ ತಕರಾರು ಆಮೇಲೆ ನಡೆದದ್ದರ ಬಗ್ಗೆ. ಈ ವರ್ಷ ಅವನು ವಾಪಸ್ ಬಂದು ಮತ್ತೆ ಮೂರನೇ ಸೆಮಿಸ್ಟರ್‌ಗೆ ಸೇರಿದ. ವಿದ್ಯಾರ್ಥಿವೇತನ ಕೇಳಿದಾಗ ಕೌಂಟರ್‌ನಲ್ಲಿ ಬಂದ ಉತ್ತರ, ‘ಎರಡನೇ ವರ್ಷದ್ದು ಕಳೆದ ಸಲವೇ ಬಂದಿದೆಯಲ್ಲ, ಒಂದೇ ವರ್ಷಕ್ಕೆ ಎರಡು ಸಲ ಕೊಡಲ್ಲ’. ಶುಲ್ಕವನ್ನು ಅಮ್ಮ ಸಂಘದ ಸಾಲದಿಂದ ಕಟ್ಟಿದರು. ರೂಮು ಬಿಟ್ಟ. ಈಗ ಹಾಲು ಕರೆದು, ಊರಿನ ಮೊದಲ ಬಸ್ ಹಿಡಿದು ಅರಸೀಕೆರೆಗೆ ಬಂದು, ಅಲ್ಲಿಂದ ಹಾಸನ ಸೇರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ಹಾಜರಾತಿ ಕಡಿಮೆಯಾಯಿತೆಂದು ಹಣ ನಿಂತಿತು, ಹಣ ನಿಂತಿದ್ದರಿಂದ ಹಾಜರಾತಿ ಮತ್ತೆ ಕಡಿಮೆಯಾಗುತ್ತಿದೆ.

ಬೇರೆ ಯೋಜನೆಗಳನ್ನು ನೋಡಿದರೂ ಜಾಡು ಇದೇ. ದ್ವಿತೀಯ ಪಿ.ಯು.ನಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಸಿಗುವ ಕೇಂದ್ರ ವಲಯದ ವಿದ್ಯಾರ್ಥಿವೇತನ ವರ್ಷಕ್ಕೆ 12,000 ರೂಪಾಯಿ. ಅದರ ನವೀಕರಣಕ್ಕೆ ಶೇ 50 ಅಂಕದ ಜೊತೆಗೆ ಶೇ 75 ಹಾಜರಾತಿ ಬೇಕು. ಎಐಸಿಟಿಇ ಹುಡುಗಿಯರಿಗೆ ಕೊಡುವ ‘ಪ್ರಗತಿ’ ವರ್ಷಕ್ಕೆ 50,000. ಮುಂದಿನ ತರಗತಿಗೆ ತೇರ್ಗಡೆಯಾಗದಿದ್ದರೆ ಅದು ಅಲ್ಲಿಗೇ ಮುಗಿಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಯೋಜನೆಗೆ 2010ರಲ್ಲಿ ಜಾರಿಯಾದ ನಿಯಮಾವಳಿಯಲ್ಲಿ, ವರ್ಷದ ನಡುವೆ ಓದು ಬಿಟ್ಟವರಿಂದ ಸರ್ಕಾರ ಹಣ ವಾಪಸ್ ಕೇಳಬಹುದು ಎಂದೂ ಇತ್ತು. ಆದರೆ ಅದೇ ನಿಯಮಾವಳಿಯಲ್ಲಿ ಒಂದು ಒಳ್ಳೆಯ ಮಾತೂ ಇತ್ತು: ಕಾಯಿಲೆಯಿಂದಲೋ ಅನಿರೀಕ್ಷಿತ ಘಟನೆಯಿಂದಲೋ ಪರೀಕ್ಷೆಗೆ ಕೂರಲಾಗದವರು ಪುರಾವೆ ಕೊಟ್ಟು, ಕೂತಿದ್ದರೆ ಪಾಸಾಗುತ್ತಿದ್ದರು ಎಂದು ಕಾಲೇಜಿನ ಮುಖ್ಯಸ್ಥರು ದೃಢೀಕರಿಸಿದರೆ, ಮರುವರ್ಷ ವೇತನ ಮುಂದುವರಿಸಬಹುದು. ಅಂದರೆ ಇಂಥ ದಾರಿ ಮಾಡಲು ಸರ್ಕಾರಕ್ಕೆ ಬರುತ್ತದೆ. ಅದನ್ನು ಎಲ್ಲ ಯೋಜನೆಗಳಿಗೂ ಹಾಕಿ, ‘ಅಪ್ಪ ಅಮ್ಮನ ಕಾಯಿಲೆ’ ಎಂಬ ಮೂರು ಪದ ಸೇರಿಸಲು ಎಷ್ಟು ಹೊತ್ತು ಬೇಕು?

ವಿಚಿತ್ರವೆಂದರೆ ಓದಿನ ಕಡೆ ಬಾಗಿಲು ತೆರೆದೇ ಇದೆ. ನಾಲ್ಕು ವರ್ಷದ ಬಿ.ಇ. ಮುಗಿಸಲು ವಿ.ಟಿ.ಯು. ಎಂಟು ವರ್ಷ ಕೊಡುತ್ತದೆ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ನಾವು ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಜಮೆಯಾಗಿರುತ್ತದೆ. ಹೋಗಿ, ಬನ್ನಿ, ನಿಮ್ಮ ಕ್ರೆಡಿಟ್ ಎಲ್ಲೂ ಹೋಗಲ್ಲ ಎನ್ನುತ್ತಾರೆ. ಕ್ರೆಡಿಟ್‌ಗೆ ಬ್ಯಾಂಕ್ ಉಂಟು, ಬಡವರ ಮಕ್ಕಳ ಬಾಕಿ ಸೆಮಿಸ್ಟರ್‌ನ ವೇತನಕ್ಕೆ ಇಲ್ಲ. ದುಡ್ಡಿರುವ ಮನೆಯವರಿಗೆ ಮಾತ್ರ ‘ಬಂದು ಹೋಗುವ’ ಸ್ವಾತಂತ್ರ್ಯ ಸಿಕ್ಕಂತಾಯಿತು.

ಹೀಗೆಲ್ಲ ಸಡಿಲ ಮಾಡಿದರೆ ದುರುಪಯೋಗ ಆಗುತ್ತದೆ ಎನ್ನುವವರಿದ್ದಾರೆ. ಆಗಬಹುದು. ಅದಕ್ಕೆ ಲೆಕ್ಕ ಬಿಗಿ ಮಾಡಲಿ, ಬಾಗಿಲು ಹಾಕುವುದು ಬೇಡ. ಅಮೆರಿಕದ ಫೆಡರಲ್ ನೆರವಿನಲ್ಲಿ ಸೆಮಿಸ್ಟರ್‌ನ ಶೇ 60 ಭಾಗ ದಾಟಿದ ಮೇಲೆ ಓದು ಬಿಟ್ಟರೆ ಕೊಟ್ಟ ಹಣ ವಾಪಸ್ ಕೇಳುವುದಿಲ್ಲ, ಅದಕ್ಕೂ ಮೊದಲು ಬಿಟ್ಟರೆ ಕೂತ ದಿನಗಳಷ್ಟು ಮಾತ್ರ ಲೆಕ್ಕ. ನಾವೂ ವರ್ಷದ ಲೆಕ್ಕ ಬಿಟ್ಟು ಸೆಮಿಸ್ಟರ್ ಲೆಕ್ಕಕ್ಕೆ ಬರಬಹುದು. ಓದಿದ ಸೆಮಿಸ್ಟರ್‌ಗೆ ಕೊಡಲಿ, ಓದದ್ದನ್ನು ತಡೆಹಿಡಿಯಲಿ, ವಾಪಸ್ ಬಂದ ದಿನ ಅದನ್ನು ಬಿಡುಗಡೆ ಮಾಡಲಿ. ಒಬ್ಬ ವಿದ್ಯಾರ್ಥಿಗೆ ಎಂಟು ಸೆಮಿಸ್ಟರ್‌ಗಿಂತ ಹೆಚ್ಚು ಹಣ ಹೋಗುವುದಿಲ್ಲ. ಈಗ ಆಗುತ್ತಿರುವುದು ನೋಡಿ: ಮೂರು ಸೆಮಿಸ್ಟರ್‌ಗೆ ಸರ್ಕಾರ ದುಡ್ಡು ಹಾಕಿದೆ, ನಾಲ್ಕನೆಯದಕ್ಕೆ ಹುಡುಗ ಓದು ಬಿಟ್ಟರೆ ಆ ಮೂರರ ಹಣವೂ ನೀರಿಗೆ ಹಾಕಿದಂತೆ.

ಇದೆಲ್ಲ ಬದಲಾಗುವವರೆಗೆ ಜೂನಿಯರ್‌ಗಳಿಗೆ ಒಂದು ಮಾತು. ಒಂದು ವಿಷಯ ಬಿಡುವುದು ಬೇರೆ, ಇಡೀ ಸೆಮಿಸ್ಟರ್ ಬಿಡುವುದು ಬೇರೆ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಕೆಲವು ವಿಷಯಗಳನ್ನು ಕೈಬಿಟ್ಟು ಉಳಿದವನ್ನು ಉಳಿಸಿಕೊಳ್ಳುವ ಅವಕಾಶ ಇದೆಯೇ, ಅದಕ್ಕೆ ಕೊನೆಯ ದಿನ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಮುಂದಿನ ವರ್ಷಕ್ಕೆ ತೇರ್ಗಡೆಯಾಗಲು ಎಷ್ಟು ಬೇಕೋ ಅಷ್ಟನ್ನಾದರೂ ಹಿಡಿದುಕೊಳ್ಳಿ. ಮನೆಯಲ್ಲಿ ತೊಂದರೆ ಬಂದರೆ ಸುಮ್ಮನೆ ಬರುವುದನ್ನು ನಿಲ್ಲಿಸಬೇಡಿ. ಆ ವಾರವೇ ಪ್ರಿನ್ಸಿಪಾಲರಿಗೆ ಕಾರಣ ಬರೆದು, ಆಸ್ಪತ್ರೆ ಚೀಟಿ ಲಗತ್ತಿಸಿ ಅರ್ಜಿ ಕೊಡಿ. ಸಿಟ್ಟಿನಲ್ಲೋ ಬೇಸರದಲ್ಲೋ ಟಿ.ಸಿ. ತೆಗೆದುಕೊಳ್ಳಬೇಡಿ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಪಹಣಿ, ಪಾಸ್‌ಬುಕ್ ಇಡುವ ಕವರಿನಲ್ಲೇ ಇಡಿ.