ಗಾಳಿಗೋಪುರವಲ್ಲ, ಗಾಳಿಯ ಗೋಪುರ

ಬೇಸಗೆ ಬಂದೊಡನೆ ನಮ್ಮ ಮಸೀದಿ, ಮದ್ರಸ, ಶಾದಿಮಹಲ್‌ಗಳ ಸಮಿತಿಗಳಲ್ಲಿ ಒಂದೇ ಮಾತು: ಎ.ಸಿ. ಹಾಕಿಸೋಣ. ಚಂದಾ ಎತ್ತುತ್ತೇವೆ, ಕಿಟಕಿಗಳಿಗೆ ಗಾಜು ಬಿಗಿಯುತ್ತೇವೆ, ಕರೆಂಟು ಹೋದಾಗ ಒಳಗೆ ಬೇಯುತ್ತೇವೆ. ವೇದಿಕೆ ಸಿಕ್ಕರೆ ಇದೇ ನಾವು ಇಸ್ಲಾಮೀ ವಾಸ್ತುಶಿಲ್ಪದ ಹಿರಿಮೆಯನ್ನು ಗಂಟೆಗಟ್ಟಲೆ ಕೊಂಡಾಡುತ್ತೇವೆ.

ಆ ಹಿರಿಮೆ ಗುಮ್ಮಟ, ಮಿನಾರಗಳಲ್ಲಷ್ಟೇ ಇಲ್ಲ. ಇರಾನಿನ ಮರುಭೂಮಿಯ ಅಂಚಿನ ಯಝ್ದ್ ನಗರವನ್ನು ನೋಡಿ. ಮನೆಗಳ ಮೇಲೆ ಸಾಲುಸಾಲಾಗಿ ನಿಂತಿರುವ ಗೋಪುರಗಳಿಗೆ ಅಲ್ಲಿ ಬಾದ್‌ಗೀರ್ ಎನ್ನುತ್ತಾರೆ. ಗಾಳಿ ಹಿಡಿಯುವಂಥದ್ದು ಎಂದರ್ಥ. ದೌಲತಾಬಾದ್ ತೋಟದ ಬಾದ್‌ಗೀರ್ 33 ಮೀಟರಿಗೂ ಎತ್ತರ. ಮೇಲಿನ ಗಾಳಿ ಅದರ ಸೀಳುಗಳ ಮೂಲಕ ನುಗ್ಗಿ ಕೆಳಗಿಳಿಯುತ್ತದೆ, ನೀರಿನ ತೊಟ್ಟಿಯ ಮೇಲೆ ಹಾಯ್ದು ತಂಪಾಗಿ ಕೋಣೆ ಸೇರುತ್ತದೆ. ನಮ್ಮ ಮಣ್ಣಿನ ಹೂಜಿ, ಲಾವಂಚದ ತಟ್ಟಿ ಮಾಡುವುದೂ ಇದನ್ನೇ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಮೂರನೇ ಎರಡು ಭಾಗದಷ್ಟು. ಗಾಳಿ ಬೀಸದ ಹೊತ್ತಿನಲ್ಲಿ ಅದೇ ಗೋಪುರ ಹೊಗೆಗೂಡಿನಂತೆ ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆ ಸಾಗಹಾಕುತ್ತದೆ. 2017ರಲ್ಲಿ ಯುನೆಸ್ಕೊ ಯಝ್ದ್‌ನ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಕೇಳಿದೊಡನೆ 'ನೋಡಿ, ಇದು ನಾವು ಜಗತ್ತಿಗೆ ಕೊಟ್ಟದ್ದು' ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಇಸ್ಲಾಮಿಗಿಂತ ಎರಡು ಸಾವಿರ ವರ್ಷ ಹಿಂದಿನ ಈಜಿಪ್ಟಿನ ಚಿತ್ರದಲ್ಲೇ ಗಾಳಿ ಹಿಡಿಯುವ ಮನೆಯಿದೆ. ಈ ತಿಳಿವಳಿಕೆ ಬಿಸಿಲು ನಾಡಿನ ಜನರೆಲ್ಲರದು. ಮುಸ್ಲಿಮ್ ಸಮಾಜಗಳು ಅದನ್ನು ಉಳಿಸಿದವು, ಬೆಳೆಸಿದವು. ಪ್ರಶ್ನೆ ಇರುವುದು, ನಾವು ಅದನ್ನೇನು ಮಾಡಿದೆವು ಎಂಬುದು.

ಕೊಲ್ಲಿಯಲ್ಲಿ ಏನಾಯಿತೆಂದು ನಮ್ಮ ಕರಾವಳಿಯ ಮಂದಿಗೆ ಗೊತ್ತು. ಇರಾನಿನ ಬಸ್ತಕ್‌ನಿಂದ ಬಂದ ವ್ಯಾಪಾರಿಗಳು ದುಬೈಯಲ್ಲಿ ಕಟ್ಟಿಸಿದ ಗಾಳಿಗೋಪುರದ ಮನೆಗಳು ಇಂದು ಪ್ರವಾಸಿಗಳು ನೋಡುವ ಬೀದಿಯಾಗಿವೆ. ಹೊಸ ಹೋಟೆಲುಗಳ ಮೇಲೆ ಗೋಪುರ ಬರೀ ಅಲಂಕಾರ. ಒಳಗೆ ಓಡುವುದು ಎ.ಸಿ. ದುಡಿದು ಮರಳಿದ ನಮ್ಮವರು ಊರಿಗೆ ತಂದದ್ದು ಆ ಗಾಜಿನ ಗೋಡೆಯನ್ನು, ಅದರ ಹಿಂದಿದ್ದ ಬುದ್ಧಿಯನ್ನಲ್ಲ.

ಹಾಗೆಂದು ಮಂಗಳೂರಿನಲ್ಲಿ ಯಝ್ದ್‌ನ ಗೋಪುರ ಕಟ್ಟಿ ಎಂದು ನಾವು ಹೇಳುವುದಿಲ್ಲ. ತೇವ ತುಂಬಿದ ಹವೆಯಲ್ಲಿ ನೀರು ಬೇಗ ಆವಿಯಾಗದು. ಅಲ್ಲಿಗೆ ಎದುರುಬದುರು ಕಿಟಕಿ, ಇಳಿಮಾಡು, ಹೆಂಚೇ ಸರಿ. ಆದರೆ ಕಲಬುರಗಿ, ರಾಯಚೂರು, ವಿಜಯಪುರದ ಒಣ ಬೇಸಗೆಗೆ ಇದು ಹೇಳಿ ಮಾಡಿಸಿದಂತಿದೆ. ಇರಾನಿನ ನೆಲದಡಿಯ ನೀರಿನ ಸುರಂಗದ ವಿದ್ಯೆ ಬಹಮನಿ ಕಾಲದಲ್ಲೇ ಬೀದರಿಗೆ ಬಂದಿತ್ತು. ನೌಬಾದಿನ ಕರೇಝ್ ಅದಕ್ಕೆ ಸಾಕ್ಷಿ. ಗಾಳಿಯ ವಿದ್ಯೆಯೂ ನಮಗೆ ಹೊರತಲ್ಲ. ಅಹ್ಮದಾಬಾದಿನ ಟೊರೆಂಟ್ ಸಂಶೋಧನಾ ಕೇಂದ್ರದ ಕಟ್ಟಡದಲ್ಲಿ 1990ರ ದಶಕದಲ್ಲೇ ಗೋಪುರದ ತುದಿಯಿಂದ ನೀರಿನ ತುಂತುರು ಬಿಟ್ಟು ಒಳಗನ್ನು ತಂಪು ಮಾಡುವ ವ್ಯವಸ್ಥೆ ಮಾಡಲಾಯಿತು. ಮಳೆಗಾಲದಲ್ಲಿ ತುಂತುರು ನಿಲ್ಲಿಸುತ್ತಾರೆ.

'ಕುಡಿಯಲೇ ನೀರಿಲ್ಲ, ಗೋಪುರಕ್ಕೆಲ್ಲಿ?' ಎನ್ನಬಹುದು. ಎ.ಸಿ.ಗೆ ನೀರು ಬೇಡವೆಂದು ಯಾರು ಹೇಳಿದರು? ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯಲು ಕೃಷ್ಣೆಯ ನೀರೇ ಬೇಕು. ನಮ್ಮ ಮಸೀದಿಗಳಲ್ಲಂತೂ ವುಝೂವಿನ ಹೌಝ್ ಇದ್ದೇ ಇದೆ. ಗಾಳಿ ಅದರ ಮೇಲೆ ಹಾಯ್ದು ಒಳಬರುವಂತೆ ಕಟ್ಟಲು ಅಡ್ಡಿಯೇನು?

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಗೆ ಎ.ಸಿ. ಬೇಡವೆನ್ನುವಷ್ಟು ಮೂರ್ಖರು ನಾವಲ್ಲ. ಆದರೆ ಎ.ಸಿ. ಒಳಗಿನ ಬಿಸಿಯನ್ನು ಬೀದಿಗೆ ಉಗುಳುತ್ತದೆ. ಆ ಬೀದಿಯಲ್ಲಿ ತಳ್ಳುಗಾಡಿಯವನಿದ್ದಾನೆ, ಗಾರೆ ಹೊರುವ ಹೆಂಗಸಿದ್ದಾಳೆ. ನೆರೆಯವನ ಹಸಿವಿನ ಬಗ್ಗೆ ಎಚ್ಚರಿಸಿದ ಧರ್ಮ, ನಮ್ಮ ತಂಪಿಗಾಗಿ ಅವನು ಬೇಯುವುದನ್ನು ಒಪ್ಪೀತೆ?

ಮುಂದಿನ ಸಲ ಮಸೀದಿ ಕಟ್ಟಲು ನಕ್ಷೆ ಬರೆಸುವಾಗ ಮಿನಾರ ಎಷ್ಟು ಎತ್ತರ ಎಂದು ಕೇಳುವ ಮೊದಲು, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಇಂಜಿನಿಯರನ್ನು ಕೇಳೋಣ.